ನಡುವೆ ಮೀನು, ಅಂಚಿನಲ್ಲಿ ಆಮೆ

ಮಂಗಳೂರು
9-6-2024

ಮರಿಯಪ್ಪ ಮಾವನಿಗೆ ಕುಸುಮಾಳ ನಮಸ್ಕಾರ.

ಫೋನಿನಲ್ಲಿ ನಾನು ಕೂಗುವುದು, ನೀವು "ಆಂ? ಆಂ?" ಅನ್ನುವುದು, ಕೊನೆಗೆ ಅತ್ತೆ ಫೋನು ಕಿತ್ತುಕೊಂಡು "ಅವರಿಗೆ ಕಿವಿ ಕೇಳಲ್ಲ ಕಣೇ, ಕಾಗದ ಬರಿ" ಅನ್ನುವುದು ಸಾಕಾಯಿತು. ಅದಕ್ಕೇ ಈ ಕಾಗದ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ನೀವು ಮುಖ ತಿರುಗಿಸುತ್ತೀರಿ; ಹಾಗಾಗಿ ಪ್ರಿಂಟು ಹಾಕಿಸಿ ಕಳಿಸಿದ್ದೇನೆ.

ದೊಡ್ಡ ಲಕೋಟೆಯಲ್ಲಿರುವವು ನಾನು ತೆಗೆದವು. ಕಾಲೇಜಿನಲ್ಲಿ ಪಾಠ ಹೇಳಿ ರಜೆ ಸಿಕ್ಕಾಗಲೆಲ್ಲ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಪಕ್ಕ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತೇನೆ. ನನಗೆ ಅದನ್ನು ಕಲಿಸಿದ ರಕ್ಷಾ ಪ್ರತಿಸಲವೂ ಜೊತೆಯಲ್ಲಿ ಇಳಿಯುತ್ತಾಳೆ. ಚಿಕ್ಕ ಲಕೋಟೆಯಲ್ಲಿರುವವು ಬೇರೆಯವರು ಬೇರೆ ಕಡಲುಗಳಲ್ಲಿ ತೆಗೆದವು. ಅಂಡಮಾನ್, ಮಾಲ್ಡೀವ್ಸ್, ಇಂಡೊನೇಷ್ಯಾದ ಲೆಂಬೆ, ಲಕ್ಷದ್ವೀಪದ ಕಡಮತ್. ಎಲ್ಲವೂ ಬೆಚ್ಚಗಿನ ನೀರು. ಪ್ರತಿಯೊಂದರ ಹಿಂದೆಯೂ ಜಾಗದ ಹೆಸರು ಬರೆದಿದ್ದೇನೆ.

ಮಳೆಗಾಲ ಕಳೆದ ಮೇಲೆ ಇವುಗಳಲ್ಲಿ ಒಂದು ಕಡೆ ಹೋಗುತ್ತೇನೆ. ಒಂದೇ ಸಲ, ಒಂದೇ ಕಡೆ. ಆಯ್ಕೆ ತಪ್ಪಬಾರದು. ನನ್ನ ಕೈಗೆ ಕ್ಯಾಮೆರಾ ಕೊಟ್ಟವರು ನೀವು, ನಿಮ್ಮ ಸ್ಟುಡಿಯೋದ ಪರದೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಸಮುದ್ರವೇ ನಾನು ಕಂಡ ಮೊದಲ ಸಮುದ್ರ. ನನ್ನ ಫೋಟೋ ನೋಡಿ, ಈ ಕೈಗೆ ಯಾವ ನೀರು ಒಗ್ಗುತ್ತದೆ ಹೇಳಿ.

ಕುಸುಮಾ


ಚಂದ್ರಾ ಲೇಔಟ್
20-6-2024

ಕುಸುಮಾ,

ಕಾಗದ ಬಂತು. ಫೋಟೋ ನೋಡಿದೆ. ಚೆನ್ನಾಗಿಲ್ಲ.

ಬೇಜಾರು ಮಾಡಿಕೊಳ್ಳುವುದಾದರೆ ಇಲ್ಲಿಗೇ ಓದುವುದು ನಿಲ್ಲಿಸು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಫೋಟೋ ತೊಳೆಯುವ ಕತ್ತಲೆ ಕೋಣೆ ಸೇರಿದವನು, ನಯವಾಗಿ ಹೇಳುವುದನ್ನು ಯಾರೂ ಕಲಿಸಲಿಲ್ಲ. ಬೆಳಕು ಸರಿಯಾಗಿದೆ. ಮೀನಿನ ಕಣ್ಣು ಸೂಜಿಯ ಮೊನೆಯ ಹಾಗೆ ಚುರುಕಾಗಿ ಬಂದಿದೆ. ಆದರೆ ಎಲ್ಲವನ್ನೂ ತಂದು ನಡುಮಧ್ಯೆ ಕೂರಿಸಿದ್ದೀಯಲ್ಲ, ಮೀನಿಗೇನು ಪಾಸ್‌ಪೋರ್ಟ್ ಮಾಡಿಸಬೇಕಾ? ಮುಂದೆ ಈಜಲು ಜಾಗ ಬಿಡು ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೇನೆ?

ಅಂಚಿನ ಕಥೆಯಂತೂ ಕೇಳಲೇಬೇಡ. ಒಂದರಲ್ಲಿ ಯಾರದೋ ಕಾಲು. ಮೂರು ನಾಲ್ಕರಲ್ಲಿ ಬಲಗಡೆ ಹಳದಿ ಪಟ್ಟಿಯ ಗಡಿಯಾರ ಕಟ್ಟಿದ ಒಂದು ಕೈ ಅಡ್ಡ ಬಂದಿದೆ. ಅದನ್ನು ಕಟ್ಟರಿಗೆ ಕೊಟ್ಟು ಕತ್ತರಿಸಿ ಬುಟ್ಟಿಗೆ ಹಾಕಿದೆ, ಈಗ ವಾಸಿ. ಎಲ್ಲಕ್ಕಿಂತ ಕೆಟ್ಟದ್ದು ಆ ಆಮೆ. ತಟ್ಟೆಯಷ್ಟಿರುವ ಕೆಂಪು ಮೀನಿನ ಹಿಂದೆ ಹೋಗಿ, ಎಡಗಡೆ ಬುಟ್ಟಿಯಷ್ಟು ದೊಡ್ಡ ಆಮೆ ಬಂದು ನಿಂತರೆ ಅದನ್ನು ಅರ್ಧಕ್ಕೆ ಕತ್ತರಿಸಿದ್ದೀಯ. ಕಣ್ಣು ಎಲ್ಲಿಟ್ಟಿದ್ದೆ?

ಜಾಗದ ವಿಷಯ. ಮಾಲ್ಡೀವ್ಸ್ ಅಂತ ಬರೆದ ಫೋಟೋದಲ್ಲಿ ಚಾಪೆಯಷ್ಟು ಅಗಲದ ಮೀನು ರೆಕ್ಕೆ ಬಿಚ್ಚಿ ಹಾರುತ್ತಿದೆ. ನೀಲಿ ಅಂದರೆ ಅದು ನೀಲಿ. ಅಲ್ಲಿಗೆ ಹೋಗು. ಬಸವೇಶ್ವರನಗರದ ಪಂಚಾಕ್ಷರಿಗಳು, ಬಟ್ಟೆ ಅಂಗಡಿಯವರು, ಫೋಟೋ ತೆಗೆಸಲು ಬಂದಿದ್ದರು. ಅವರಿಗೂ ತೋರಿಸಿದೆ. ಎದುರಿಗೆ ನಿಂತು ಜೋರಾಗಿ ಹೇಳಿದರೆ ನನಗೂ ಕೇಳುತ್ತದೆ.

"ಅಲ್ರೀ ಮರಿಯಪ್ಪ, ಮಾಲ್ಡೀವ್ಸಿಗೆ ಒಬ್ರೇ ಯಾರ್ರೀ ಹೋಗ್ತಾರ? ಅದು ಹೊಸಾ ಗಂಡ ಹೆಂಡ್ತಿ ಹೋಗೋ ಜಾಗ."

"ನಮ್ಮ ಹುಡುಗಿ ಮೀನು ನೋಡಕ್ಕೆ ಹೋಗ್ತಾಳೆ ಸ್ವಾಮಿ. ನೀವು ಗದ್ದ ಕೆಳಗೆ ಮಾಡಿ, ಕಣ್ಣು ಬಿಡಿ."

"ಬಿಟ್ಟೇ ಐತಲ್ರೀ!"

"ಅದು ಬಿಟ್ಟಿರೋದಾ? ಸರಿ, ಹಾಗೇ ಇರಿ."

ಇನ್ನೊಂದು ಮಾತು. ಈ ವರ್ಷವೇ ಹೋಗಬೇಕೆಂದು ಏನು ಅವಸರ? ಇನ್ನೊಂದು ವರ್ಷ ನೇತ್ರಾಣಿಯಲ್ಲೇ ಕೈ ಪಳಗಿಸು, ಆಮೇಲೆ ಹೋಗು. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ.

ಮರಿಯಪ್ಪ


ಮಂಗಳೂರು
2-7-2024

ಮಾವ,

ಆಮೆಯನ್ನು ನಾನು ನೋಡಲಿಲ್ಲ.

ಅಂಚಿಗೆ ಬಂದ ಕೈ ರಕ್ಷಾಳದು, ಹಳದಿ ಪಟ್ಟಿ ಅವಳದೇ. ಅಡ್ಡ ಬರಬೇಡ ಅಂತ ಹೇಳುತ್ತೇನೆ.

ಮಾಲ್ಡೀವ್ಸಿನಲ್ಲಿ ದೊಡ್ಡ ಮೀನು ಬರುವ ಕಡೆ ನೀರಿನ ಸೆಳೆತ ಜೋರಂತೆ. ಪಕ್ಕದಿಂದ, ಹಿಂದಿನಿಂದ, ಎಲ್ಲಿಂದ ಬೇಕಾದರೂ ಬರುತ್ತವಂತೆ. ನನಗೆ ಬೇಡ. ಲೆಂಬೆಯ ಫೋಟೋ ಇನ್ನೊಮ್ಮೆ ನೋಡಿ. ಅಲ್ಲಿ ಬೆರಳುದ್ದದ ಜೀವಗಳು ಮರಳಿನ ಮೇಲೆ ಅಲ್ಲಾಡದೆ ಕೂತಿರುತ್ತವೆ. ನಡುವಿಗಿಟ್ಟು ತೆಗೆದರೆ ಸಾಕು. ನಿಮಗೆ ಅಲ್ಲಿನ ಬೆಳಕು ಹೇಗೆ ಕಾಣುತ್ತದೆ? ಸಾಕಷ್ಟು ಇದೆಯೇ? ನನಗೆ ಅದೊಂದು ಮುಖ್ಯ.

ಮುಂದಿನ ವರ್ಷ ಆಗುವುದಿಲ್ಲ.

ಕುಸುಮಾ


ಚಂದ್ರಾ ಲೇಔಟ್
11-7-2024

ಕುಸುಮಾ,

ನಾನು ಎರಡು ಹಾಳೆ ಬರೆದರೆ ನೀನು ಅಂಗೈಯಗಲ ಬರೆದಿದ್ದೀಯ. ಅದೂ ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿದೆ. ಪಾಠ ಹೇಳುವ ಮೇಡಂ ಬರೆಯುವ ಅಕ್ಷರವೇನೇ ಇದು? ಗೆರೆ ಹಾಕಿದ ಕಾಗದ ತೆಗೆದುಕೋ.

ಲೆಂಬೆ ಮತ್ತೆ ನೋಡಿದೆ. ಮರಳು ಕರ್ರಗಿದೆ, ನಮ್ಮ ಸ್ಟುಡಿಯೋದ ಕಪ್ಪು ಬಟ್ಟೆಯ ಮುಂದೆ ಕೂರಿಸಿ ತೆಗೆದ ಹಾಗೆ. ಕಪ್ಪಿನ ಮೇಲೆ ಬಣ್ಣ ಎದ್ದು ಬರುತ್ತದೆ, ಅದು ನಿಜ. ಅಂಚಿನ ರಗಳೆಯೂ ಇಲ್ಲ. ಸುತ್ತಲೂ ಕತ್ತಲೆ, ನಡುವೆ ಒಂದು ಹುಳ. ಮಾಲ್ಡೀವ್ಸ್ ಬೇಡವಾದರೆ ಬಿಡು, ಅಲ್ಲಿಗೇ ಹೋಗು.

ಆದರೆ ಅವಸರ ಯಾಕೆ ಅಂತ ಕೇಳಿದೆ, ಅದಕ್ಕೆ ಉತ್ತರ ಬರಲಿಲ್ಲ. ನಿನ್ನ ಅತ್ತೆ ಚಿಕ್ಕಲಕ್ಷ್ಮಮ್ಮನ ಲೆಕ್ಕವೇ ಬೇರೆ. "ಹುಡುಗಿ ಯಾರನ್ನೋ ನೋಡ್ಕೊಂಡಿದಾಳೆ ಕಣ್ರೀ. ಮದುವೆ ಆದ್ಮೇಲೆ ಬಿಡಲ್ಲ ಅಂತ ಮೊದಲೇ ಹೋಗ್ತಾಳೆ." ನಾನು, "ನಿನ್ನ ತಲೆ! ಕೆಲಸ ಬಿಡ್ತಾಳೆ, ಅದಕ್ಕೆ" ಅಂದೆ. ಎರಡರಲ್ಲಿ ಯಾವುದು? ಮದುವೆಯಾದರೆ ಹೇಳು, ಅಲ್ಬಂ ನಾನೇ ಮಾಡಿಕೊಡುತ್ತೇನೆ. ಕೆಲಸ ಬಿಡುವುದಾದರೆ ಎರಡು ಬೈಯುತ್ತೇನೆ, ಕೇಳಿಸಿಕೋ. ಮುಚ್ಚಿಡುವುದು ನನಗೆ ಆಗಿಬರುವುದಿಲ್ಲ.

ಮರಿಯಪ್ಪ


ಚಂದ್ರಾ ಲೇಔಟ್
24-8-2024

ಕುಸುಮಾ,

ನಿನ್ನಿಂದ ಕಾಗದವಿಲ್ಲ. ಅತ್ತೆಯ ಕೈಲಿ ನಿನ್ನ ಅಮ್ಮನಿಗೆ ಫೋನು ಮಾಡಿಸಿದೆ. ಕೆಂಗೇರಿಯಿಂದ ಲತಾ, "ಅವಳು ಆರಾಮಾಗಿದಾಳಂತೆ ಅಣ್ಣ, ಕಾಲೇಜಲ್ಲಿ ಕೆಲಸ ಜಾಸ್ತಿಯಂತೆ" ಅಂದಳಂತೆ. ನಾನು ನಂಬಲಿಲ್ಲ.

ಹಾಲ್ ಟಿಕೆಟ್ಟಿಗೆ ಫೋಟೋ ಬೇಕೆಂದು ಜ್ಞಾನಭಾರತಿ ಕಡೆಯ ಹುಡುಗರು ಸಾಲುಗಟ್ಟಿದ್ದರು. ಅವರು ಹೋದ ಮೇಲೆ ನಿನ್ನ ಫೋಟೋಗಳನ್ನು ಗಾಜಿನ ಕೌಂಟರಿನ ಮೇಲೆ ಪೂರ್ತಿ ಹರಡಿದೆ. ಒಂದನ್ನಾದರೂ ಆರಿಸಿ ಶೋಕೇಸಿಗೆ ಹಾಕೋಣ ಅಂತ. ಒಂದೊಂದಾಗಿ ನೋಡುವಾಗ ಕಾಣದ್ದು ಒಟ್ಟಿಗೆ ಇಟ್ಟಾಗ ಕಂಡಿತು. ನಡುವಿನದು ಯಾವುದೂ ತಪ್ಪಿಲ್ಲ. ಎಡದಲ್ಲಿ, ಮೇಲೆ, ಕೆಳಗೆ ಇರುವುದು ಯಾವುದೂ ನಿನ್ನ ಲೆಕ್ಕದಲ್ಲಿಲ್ಲ. ಆಮೆ ಒಂದೇ ಅಲ್ಲ. ಒಂದರಲ್ಲಿ ಸಿಂಹದ ಹಾಗೆ ಜಡೆ ಬಿಟ್ಟ ಮೀನು ನಿನ್ನ ಕ್ಯಾಮೆರಾದ ಗಾಜಿನ ಪಕ್ಕದಲ್ಲೇ ಇದೆ. ಅದರ ಮುಳ್ಳು ವಿಷವೆಂದು ನೀನೇ ಹಿಂದೊಮ್ಮೆ ಹೇಳಿದ್ದೆ. ಗೊತ್ತಿದ್ದೂ ಯಾರಾದರೂ ಅಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾರಾ?

ಆಗ ನನ್ನ ಅವ್ವ ನೆನಪಾದಳು, ನಿನ್ನ ಅಜ್ಜಿ. ತಟ್ಟೆ ಮುಂದಿದ್ದರೆ ಒಂದು ಅಗುಳೂ ಚೆಲ್ಲದೆ ಉಣ್ಣುವಳು, ಪಕ್ಕದ ನೀರಿನ ಲೋಟ ಮಾತ್ರ ದಿನಾ ಉರುಳಿಸುವಳು. ಯಾರಾದರೂ ಪಕ್ಕದಲ್ಲಿ ಬಂದು ನಿಂತರೆ ಬೆಚ್ಚುವಳು. ಹೊತ್ತು ಮುಳುಗಿದರೆ ಹೊಸ್ತಿಲು ದಾಟುತ್ತಿರಲಿಲ್ಲ. ಇರುಳುಗಣ್ಣು, ವಯಸ್ಸಾಯಿತು ಅಂದುಕೊಂಡು ಎಲ್ಲರೂ ಸುಮ್ಮನಾದೆವು.

ಕೇಳುವುದನ್ನು ನೇರ ಕೇಳುತ್ತೇನೆ. ಸಂಜೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೀಯಾ?

ಇಲ್ಲ ಅಂದರೆ ಮುದುಕನಿಗೆ ತಲೆ ಕೆಟ್ಟಿದೆ ಅಂತ ಬರೆದು ಒಂದು ಕಾರ್ಡು ಹಾಕು. ಅಷ್ಟು ಸಾಕು ನನಗೆ.

ಮಾವ


ಮಂಗಳೂರು
3-9-2024

ಮಾವ,

ಹಿಡಿಯುತ್ತೇನೆ.

ನಿಮ್ಮ ಕಾಗದವನ್ನು ಕಿಟಕಿಯ ಹತ್ತಿರ ನಿಂತು ಓದಿದೆ. ಓದುವುದಕ್ಕೆ ಈಗಲೂ ತೊಂದರೆಯಿಲ್ಲ, ಸಾಲು ಬದಲಾಯಿಸುವಾಗ ಮಾತ್ರ ಹುಡುಕಬೇಕು. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ. ನಡುವಿನದು ಚೊಕ್ಕ, ಸುತ್ತಲಿನದು ಇಲ್ಲ. ಕತ್ತಲೆ ಅಂತ ಅನಿಸುವುದೂ ಇಲ್ಲ. ಸುಮ್ಮನೆ ಇಲ್ಲ. ಅದಕ್ಕೇ ಬಹಳ ದಿನ ನನಗೇ ತಿಳಿಯಲಿಲ್ಲ. ನೇತ್ರಾಣಿಯಲ್ಲಿ ಎಲ್ಲರೂ ಆ ಆಮೆಯ ಬಗ್ಗೆ ಮಾತಾಡುತ್ತಿದ್ದಾಗ, ನನಗೆ ಕಾಣದೆ ಎಲ್ಲಿತ್ತು ಇದು ಅಂದುಕೊಂಡೆ. ಡಾಕ್ಟರ ಹತ್ತಿರ ಹೋದದ್ದು ಆಮೇಲೆ.

ಕಣ್ಣಿನ ಹಿಂದಿನ ಪದರ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತದಂತೆ. ಔಷಧಿಯಿಲ್ಲ. ನಿಧಾನವಾಗಿ ಬರಬಹುದು, ಬೇಗ ಬರಬಹುದು, ಯಾರೂ ಹೇಳುವುದಿಲ್ಲ. ನೀರಿಗೆ ಇಳಿಯಬಹುದೇ ಅಂತ ಕೇಳಿದೆ. ಆಳ ಬೇಡ, ಕತ್ತಲು ಬೇಡ, ಒಬ್ಬಳೇ ಬೇಡ, ಜೊತೆಗೆ ಇಳಿಯುವವರಿಗೆ ಹೇಳದೆ ಬೇಡ ಅಂದರು. ಮುಂದಿನ ವರ್ಷ ಕೇಳಿದರೆ ಏನನ್ನುತ್ತಾರೋ ಗೊತ್ತಿಲ್ಲ. ಅದಕ್ಕೇ ಒಂದೇ ಸಲ ಅಂದದ್ದು. ಹುಡುಗನೂ ಇಲ್ಲ, ಕೆಲಸ ಬಿಡುವುದೂ ಇಲ್ಲ ಅಂತ ಅತ್ತೆಗೆ ಹೇಳಿ.

ಅಮ್ಮನಿಗೆ ಹೇಳಿಲ್ಲ. ರಕ್ಷಾಗೂ ಹೇಳಿಲ್ಲ. ಹೇಳಿದರೆ ಅವಳು ನನ್ನನ್ನು ದೋಣಿ ಹತ್ತಿಸುವುದಿಲ್ಲ.

ನೀವು ಸಿಟ್ಟು ಮಾಡಿಕೊಳ್ಳಿ ಮಾವ. ಅಯ್ಯೋ ಪಾಪ ಅನ್ನಬೇಡಿ. ಅದನ್ನು ತಡೆದುಕೊಳ್ಳಲು ನನ್ನಿಂದಾಗದು.

ಕುಸುಮಾ


ಚಂದ್ರಾ ಲೇಔಟ್
15-9-2024

ಕುಸುಮಾ,

ಅಯ್ಯೋ ಪಾಪ ಅನ್ನುವುದಿಲ್ಲ. ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಕಣ್ಣು ಎಲ್ಲಿಟ್ಟಿದ್ದೆ ಅಂತ ಕೇಳಿದ್ದೆನಲ್ಲ, ಆ ಕಾಗದವನ್ನು ಸುಟ್ಟುಹಾಕು.

ಈಗ ಕೆಲಸದ ಮಾತು. ಮಾಲ್ಡೀವ್ಸ್ ಅಂದೆ, ಅದು ತಪ್ಪು. ಪಕ್ಕದಿಂದ ಬರುವುದು ಕಾಣದವಳನ್ನು ಸೆಳೆತಕ್ಕೆ ಕಳಿಸುತ್ತಿದ್ದೆ. ಲೆಂಬೆ ಅಂದೆ, ಅದು ಇನ್ನೂ ದೊಡ್ಡ ತಪ್ಪು. ಕಪ್ಪು ಮರಳಿನ ಮೇಲೆ ಬಣ್ಣ ಏಳುತ್ತದೆ ಅಂತ ಸ್ಟುಡಿಯೋದವನ ಹಾಗೆ ಯೋಚಿಸಿದೆ. ನೀನು ಬೆಳಕು ಸಾಕೇ ಅಂತ ಕೇಳಿದ್ದು ಫೋಟೋಗಲ್ಲ, ನಿನಗೆ. ಕಪ್ಪು ನೆಲ ಬೆಳಕನ್ನು ನುಂಗುತ್ತದೆ. ಅಂಡಮಾನಿನ ಫೋಟೋ ಚೆನ್ನಾಗಿದೆ, ಆದರೆ ಒಳ್ಳೆಯವೆಲ್ಲ ಆಳದಲ್ಲಿ ತೆಗೆದ ಹಾಗಿವೆ, ಕೆಂಪು ಬಣ್ಣ ಸತ್ತು ಬೂದಿಯಾಗಿದೆ.

ಉಳಿದದ್ದು ಕಡಮತ್. ಮೊದಲ ಸಲ ನೋಡಿದಾಗ ಪಕ್ಕಕ್ಕಿಟ್ಟಿದ್ದೆ, ಏನಿದು ತಿಳಿನೀರು, ಬಿಳೀ ಮರಳು, ಸಪ್ಪೆ ಅಂತ. ಈಗ ದಿನಾ ಅದನ್ನೇ ನೋಡುತ್ತಿದ್ದೇನೆ. ಬಿಸಿಲು ಮೇಲಿಂದ ಬೀಳುತ್ತದೆ, ಬಿಳಿ ಮರಳು ಅದನ್ನು ಕೆಳಗಿನಿಂದ ತಿರುಗಿ ಎಸೆಯುತ್ತದೆ. ಮುಖಕ್ಕೆ ಎರಡೂ ಕಡೆ ಬೆಳಕು ಕಟ್ಟಿದ ಹಾಗೆ. ಹವಳದ ದಿಬ್ಬದ ಒಳಗಿನ ನೀರು ನಿಂತ ನೀರು, ಆಳವೂ ಇಲ್ಲ. ಆಮೆಯೂ ಇದೆ. ಅಲ್ಲಿಗೆ ಹೋಗು. ನಡುಹಗಲಿನಲ್ಲಿ ಇಳಿ, ನೆರಳು ಉದ್ದವಾಗುವ ಮೊದಲು ಮೇಲೆ ಬಾ.

ರಕ್ಷಾಗೆ ಹೇಳು. ನೀನು ಹೇಳದಿದ್ದರೆ ನಾನು ಮುರುಡೇಶ್ವರದ ಬಸ್ಸು ಹತ್ತುತ್ತೇನೆ. ಕಿವಿ ಕೇಳದವನು ಕಡಲ ದಂಡೆಯಲ್ಲಿ ನಿಂತು ಕೂಗಿದರೆ ಊರೇ ಕೇಳುತ್ತದೆ, ತಿಳೀತಾ? ಲತಾಗೂ ನೀನೇ ಹೇಳಬೇಕು. ನಾನು ಹೇಳುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ.

ಇನ್ನು ಫೋಟೋ. ಇಷ್ಟು ದಿನ ಹೇಳಿಕೊಟ್ಟದ್ದನ್ನು ಮರೆತುಬಿಡು. ನಡುಮಧ್ಯೆಯೇ ಇಡು. ಅಗಲದ ಲೆನ್ಸು ಹಾಕು, ಸುತ್ತ ಜಾಗ ಬಿಟ್ಟು ತೆಗೆ. ನಿನಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಒಂದನ್ನೂ ಕತ್ತರಿಸದೆ ದೊಡ್ಡ ಪ್ರಿಂಟು ಹಾಕಿಸಿ ನನಗೆ ಕಳಿಸು. ಅಂಚಿನಲ್ಲಿ ಏನೇನಿದೆ ನೋಡಿ ಹೇಳುವುದು, ಎಲ್ಲಿ ಕತ್ತರಿಸಿದರೆ ಮೀನಿಗೆ ಈಜಲು ಜಾಗ ಸಿಗುತ್ತದೆ ಅಂತ ಕತ್ತರಿಸುವುದು ನನ್ನ ಕೆಲಸ. ಜೀವಮಾನ ಪೂರ್ತಿ ಅದನ್ನೇ ಮಾಡಿದ್ದೇನೆ.

ಸಮುದ್ರದ ವಿಷಯದಲ್ಲಿ ನನ್ನ ಮಾತು ಎಷ್ಟು ನಂಬಬೇಕೆಂದು ನೀನೇ ಯೋಚಿಸು. ಪರದೆ ಮೇಲಿನದು ಬಿಟ್ಟರೆ ನಾನು ಸಮುದ್ರ ನೋಡಿಲ್ಲ. ಬೆಳಕು ಮಾತ್ರ ನೋಡಿದ್ದೇನೆ.

ಮಾವ


ಮಂಗಳೂರು
19-1-2025

ಮಾವ,

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ನವರಾತ್ರಿಯಲ್ಲಿ ಕೆಂಗೇರಿ ಮನೆಯಲ್ಲಿ ನಾನು ಅಮ್ಮನಿಗೆ ಹೇಳಿ ಮುಗಿಸುವವರೆಗೆ ನೀವು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಿರಲ್ಲ, ಅದಾದ ಮೇಲೆ ಬರೆಯಲು ಏನೂ ಉಳಿದಿರಲಿಲ್ಲ. ಅಮ್ಮ ಈಗ ದಿನಾ ಫೋನು ಮಾಡುತ್ತಾಳೆ. ಅಳುವುದು ಕಡಿಮೆಯಾಗಿದೆ.

ನೀವು ಸಮುದ್ರ ನೋಡಿಲ್ಲವೆಂದು ನನಗೆ ಮೊದಲಿಂದಲೂ ಗೊತ್ತಿತ್ತು. ಪರದೆಯಲ್ಲಿ ತೆಂಗಿನಮರ ನೀರಿನೊಳಗೇ ಬೆಳೆದಿತ್ತಲ್ಲ, ನೋಡಿದವರು ಅದನ್ನು ಹಾಗೆಯೇ ಬಿಡುತ್ತಿರಲಿಲ್ಲ.

ಕಡಮತ್‌ಗೆ ಅನುಮತಿ ಬಂದಿದೆ. ಮುಂದಿನ ವಾರ ಕೊಚ್ಚಿಯಿಂದ ಹೊರಡುತ್ತೇವೆ, ನಾನು ಮತ್ತು ರಕ್ಷಾ.

ಅವಳಿಗೆ ಹೇಳಿದೆ. ದೋಣಿಯಿಂದ ಇಳಿಸುತ್ತಾಳೆ, ಇಲ್ಲವೇ ಅಳುತ್ತಾಳೆ ಅಂತ ಎಣಿಸಿದ್ದೆ. ಅವಳು ಸಿಲಿಂಡರ್ ತೊಳೆಯುತ್ತಾ, "ಸರಿ ಅಕ್ಕ, ಹಂಗಿದ್ರೆ ಬಿಸಿಲಿರೋವಾಗ್ಲೇ ಮೇಲೆ ಬಂದ್ಬಿಡೋಣ" ಅಂದಳು. ಅಷ್ಟೇ. ಆಶ್ಚರ್ಯವನ್ನೂ ಪಡಲಿಲ್ಲ. ನಾನು ಹೇಳಿದ್ದು ಅವಳಿಗೆ ಅರ್ಥವಾಯಿತೋ ಇಲ್ಲವೋ, ಅರ್ಥವಾಗಿಯೂ ಏನೂ ಅನ್ನಿಸಲಿಲ್ಲವೋ. ಸ್ವಲ್ಪ ನೋವಾಯಿತು.

ನಾನು ಒಂದು ಕರಾರು ಹಾಕಿದ್ದೇನೆ. ನೀರಿನಲ್ಲಿ ನನ್ನ ಕೈ ಹಿಡಿಯಬಾರದು. ಮಗುವನ್ನು ನಡೆಸುವ ಹಾಗೆ ನಡೆಸಿದರೆ ನಾನು ಹೋಗುವುದೇ ಇಲ್ಲ. ನನ್ನ ಫೋಟೋ ನಾನೇ ತೆಗೆಯಬೇಕು. "ಮುಟ್ಟಲ್ಲ ಅಕ್ಕ, ಆಯ್ತಾ?" ಅಂದಳು.

ಕುಸುಮಾ


ಮಂಗಳೂರು
16-2-2025

ಮಾವ,

ಹೋಗಿ ಬಂದೆ. ಪ್ರಿಂಟುಗಳು ಇದರ ಜೊತೆಗಿವೆ, ಒಂದನ್ನೂ ಕತ್ತರಿಸಿಲ್ಲ.

ನೀವು ಹೇಳಿದ ಹಾಗೆಯೇ ಇತ್ತು ಬೆಳಕು. ಬಿಳಿ ಮರಳಿನ ಮೇಲೆ ನನ್ನ ನೆರಳು ನನಗೇ ಕಾಣುತ್ತಿತ್ತು. ಬಹಳ ದಿನದ ಮೇಲೆ ಹೆದರಿಕೆ ಮರೆತಿದ್ದೆ. ಒಂದು ಸಲವೂ ಯಾವುದಕ್ಕೂ ತಾಗಲಿಲ್ಲ, ಒಂದು ಹವಳದ ಬಂಡೆಗೂ ತಲೆ ಬಡಿಯಲಿಲ್ಲ. ರಕ್ಷಾ ಎಲ್ಲಿದ್ದಳೋ, ನನಗೆ ಕಾಣಲೇ ಇಲ್ಲ. ಕೊಟ್ಟ ಮಾತು ಉಳಿಸಿಕೊಂಡಳು. ಎಲ್ಲವನ್ನೂ ನಾನೊಬ್ಬಳೇ ಮಾಡಿದೆ ಮಾವ.

ಅಂಚಿನಲ್ಲಿ ಏನಿದೆ ನೋಡಿ ಹೇಳಿ.

ಕುಸುಮಾ


ಚಂದ್ರಾ ಲೇಔಟ್
27-2-2025

ಕುಸುಮಾ,

ನಿನ್ನೆ ಶಿವರಾತ್ರಿ, ಅಂಗಡಿ ಮುಚ್ಚಿ ನಿನ್ನ ಫೋಟೋ ನೋಡುತ್ತಾ ಕೂತಿದ್ದೆ. ಅತ್ತೆ ಎರಡು ಸಲ ಬೈದು ಹೋದಳು, ಕಿವಿ ಕೇಳದ್ದು ಒಳ್ಳೆಯದಾಯಿತು.

ಅಂಚಿನಲ್ಲಿ ಇರುವುದನ್ನು ಹೇಳುತ್ತೇನೆ. ನೀಲಿ ಗಿಳಿಮೀನಿನ ಫೋಟೋದಲ್ಲಿ ಮೇಲೆ ಎಡ ಮೂಲೆಗೆ ಆಮೆ ಇದೆ. ಈ ಸಲ ಪೂರ್ತಿ ಇದೆ, ಕತ್ತರಿಸಿಲ್ಲ. ನಿನ್ನ ಕಡೆಗೇ ನೋಡುತ್ತಿದೆ. ಹಳದಿ ಮೀನಿನ ಹಿಂಡಿನ ಫೋಟೋದ ಕೆಳಗೆ ಒಂದು ಬಿಳೀ ಏಡಿ ಬಿಲದಿಂದ ಅರ್ಧ ಬಂದಿದೆ. ಇನ್ನೊಂದರಲ್ಲಿ ತುಂಬ ಹಿಂದೆ ನೀರು ನೀಲಿಯಾಗುವ ಕಡೆ ಒಂದು ಚಪ್ಪಟೆ ಮೀನು ಚಾಟಿಯಂಥ ಬಾಲ ಎಳೆದುಕೊಂಡು ಹೋಗುತ್ತಿದೆ. ಇವೆಲ್ಲ ನಿನ್ನವೇ. ನೀನೇ ತೆಗೆದದ್ದು.

ಇನ್ನೊಂದಿದೆ. ಹೇಳಬೇಕೋ ಬೇಡವೋ ಅಂತ ಒಂದು ದಿನ ಯೋಚಿಸಿದೆ. ಮುಚ್ಚಿಡುವುದು ನನಗೆ ಆಗಿಬರುವುದಿಲ್ಲವೆಂದು ನಾನೇ ಬರೆದಿದ್ದೇನೆ.

ಬಂಡೆಯ ಹತ್ತಿರ ತೆಗೆದ ಪ್ರತಿಯೊಂದು ಫೋಟೋದ ಬಲ ಅಂಚಿನಲ್ಲೂ ಒಂದು ಕೈ ಇದೆ. ಹಳದಿ ಪಟ್ಟಿಯ ಗಡಿಯಾರ. ಬಂಡೆಗೂ ನಿನಗೂ ನಡುವೆ ಬೆರಳು ಅಗಲಿಸಿ ಅಡ್ಡ ಹಿಡಿದಿದೆ. ಒಂದರಲ್ಲಿ ಬೆರಳಿನ ಗೆಣ್ಣು ಹವಳಕ್ಕೆ ಉಜ್ಜಿ ತರಚಿದೆ. ನಿನ್ನನ್ನು ಮುಟ್ಟಿಲ್ಲ. ಮಾತು ತಪ್ಪಿಲ್ಲ ಅವಳು, ಜಗಳಕ್ಕೆ ಹೋಗಬೇಡ.

ನೇತ್ರಾಣಿ ಫೋಟೋದಲ್ಲೂ ಇದೇ ಕೈ ಇತ್ತು, ನೆನಪಿದೆಯಾ? ಯಾವನೋ ಅಡ್ಡ ಬಂದ ಅಂತ ನಾನು ಕತ್ತರಿಸಿ ಬಿಸಾಕಿದ್ದೆ. ಅಡ್ಡ ಬರಬೇಡ ಅಂತ ಹೇಳುತ್ತೇನೆ ಅಂತ ನೀನೂ ಬರೆದಿದ್ದೆ. ಆಗ ನನಗೂ ಗೊತ್ತಿರಲಿಲ್ಲ, ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ. ರಕ್ಷಾಗೆ ಗೊತ್ತಿತ್ತು. ನೀನು ಹೇಳಿದಾಗ ಅವಳು ಯಾಕೆ ಆಶ್ಚರ್ಯ ಪಡಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ನನಗೆ ಕಾಣುವುದಿಲ್ಲ.

ಮುಂದಿನ ವರ್ಷದ್ದು ಮುಂದಿನ ವರ್ಷ. ಡಾಕ್ಟರು ಏನನ್ನುತ್ತಾರೋ ಅನ್ನಲಿ. ರಕ್ಷಾಗೆ ನನ್ನ ಹೆಸರು ಹೇಳಿ ತರಚಿದ ಬೆರಳಿಗೆ ಔಷಧಿ ಹಾಕಿಕೊಳ್ಳಲು ಹೇಳು.

ಬೇರೆ ಫೋಟೋಗಳನ್ನು ಹೇಗೆ ಬೇಕೋ ಹಾಗೆ ಕತ್ತರಿಸಿ ಕಳಿಸುತ್ತಿದ್ದೇನೆ. ಆಮೆ ಇರುವುದನ್ನು ಮಾತ್ರ ಕತ್ತರಿಸಿಲ್ಲ. ನಡುವೆ ಮೀನು, ಎಡಕ್ಕೆ ಆಮೆ, ಬಲಕ್ಕೆ ಆ ಕೈ. ಇದ್ದ ಹಾಗೇ ಕಟ್ಟು ಹಾಕಿಸಿ, ಮದುವೆ ಫೋಟೋಗಳನ್ನೆಲ್ಲ ತೆಗೆದು ಶೋಕೇಸಿನಲ್ಲಿ ಒಂದೇ ಇಟ್ಟಿದ್ದೇನೆ. ಬೆಳಿಗ್ಗೆ ನಾಗರಬಾವಿ ಲಾ ಕಾಲೇಜಿನ ಒಬ್ಬ ಹುಡುಗ ಬಂದು ನಿಂತು ನೋಡಿದ.

"ಸೂಪರ್ ಆಗಿದೆ ಸಾರ್. ಆದ್ರೆ ಸೈಡಲ್ಲಿ ಯಾರ್ದೋ ಕೈ ಬಂದ್ಬಿಟ್ಟಿದೆ. ಕ್ರಾಪ್ ಮಾಡ್ಬೋದಿತ್ತಲ್ವಾ?"

"ಅದು ಇರಬೇಕಾದ್ದೇ ಕಣಪ್ಪ," ಅಂದೆ. "ನೀನು ಒಳಗೆ ಬಾ. ಸ್ಟೂಲ್ ಮೇಲೆ ಕೂತ್ಕೊ, ನಡುಮಧ್ಯೆ."

ಮಾವ